ಪಿಕಪ್ ಏರುವ ಸೈಕಲ್: ಮುರಕಲ್ಲಿನ ಹಾದಿಯಲ್ಲಿ ಜೋಪಾನದ ಲೆಕ್ಕ

ಬಂಡೆ, ಬೇರು, ಕೊರಕಲುಗಳ ಮೇಲೆ ಹಾರಿ ಇಳಿಯಲೆಂದೇ ಮಾಡಿದ ಮೌಂಟೇನ್ ಬೈಕ್, ಪಿಕಪ್‌ನ ಹಿಂದೆ ಸುಮ್ಮನೆ ನಿಂತಿರುವಾಗ ಹಾಳಾಗುತ್ತದೆ ಎಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ. ಆದರೆ ಇಂಥ ಸೈಕಲ್ ರಿಪೇರಿ ಮಾಡುವವರನ್ನು ಕೇಳಿ ನೋಡಿ. ಗೇರ್ ಬದಲಿಸುವ ಡಿರೈಲರ್ ಒಳಕ್ಕೆ ಬಾಗಿರುತ್ತದೆ. ಬ್ರೇಕಿನ ಡಿಸ್ಕ್ ಔಟ್ ಬಂದಿರುತ್ತದೆ. ಫೋರ್ಕಿನ ನುಣುಪಾದ ಕೊಳವೆಯ ಮೇಲೆ ಗೀರು, ಫ್ರೇಮಿನ ಬಣ್ಣ ಸವೆದು ಕಾಣುವ ಲೋಹ. ಇವುಗಳಲ್ಲಿ ಎಷ್ಟೋ ಗಾಯಗಳು ಸವಾರಿಯಲ್ಲಿ ಆದವಲ್ಲ, ಸಾಗಾಟದಲ್ಲಿ ಆದವು.

ಕಾರಣ ಸರಳವಾಗಿದೆ. ಸವಾರ ಮೇಲಿದ್ದಾಗ ಹೊಂಡದ ಏಟು ಮೊದಲು ಟಯರಿಗೆ, ಆಮೇಲೆ ಫೋರ್ಕಿಗೆ, ಕೊನೆಗೆ ಅವನ ಮೊಣಕಾಲು ಮೊಣಕೈಗಳಿಗೆ ಹಂಚಿಹೋಗುತ್ತದೆ. ಏಟು ಬರುವುದೂ ಕೆಳಗಿನಿಂದಲೇ, ಸೈಕಲ್ಲು ತಡೆದುಕೊಳ್ಳಲು ಸಿದ್ಧವಾಗಿರುವ ದಿಕ್ಕಿನಿಂದಲೇ. ಪಿಕಪ್‌ನಲ್ಲಿ ಮಲಗಿಸಿದ ಸೈಕಲ್ಲಿಗೆ ಏಟು ಬದಿಯಿಂದ ಬರುತ್ತದೆ; ಪೆಡಲಿಗೆ, ಹ್ಯಾಂಡಲಿಗೆ, ಪಕ್ಕದ ಸೈಕಲ್ಲಿನ ಕಡ್ಡಿಗಳಿಗೆ ನೇರವಾಗಿ ತಗಲುತ್ತದೆ. ರಸ್ತೆ ಕೆಟ್ಟಷ್ಟೂ ಈ ಏಟುಗಳು ಹೆಚ್ಚುತ್ತವೆ. ಹಾಗಾಗಿ ಎಷ್ಟು ಬಿಗಿಯಾಗಿ ಕಟ್ಟಬೇಕು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಸೈಕಲ್ಲಿನ ಯಾವ ಭಾಗವನ್ನು ಅಲುಗದಂತೆ ಹಿಡಿಯಬೇಕು, ಯಾವ ಭಾಗವನ್ನು ಅಲುಗಲು ಬಿಡಬೇಕು? ಉಳಿದ ಎಲ್ಲ ಜೋಪಾನವೂ ಈ ಪ್ರಶ್ನೆಯ ಉತ್ತರದಿಂದಲೇ ಹುಟ್ಟುತ್ತದೆ.

ಕಡಲಿನಿಂದ ಘಟ್ಟಕ್ಕೆ

ಉಡುಪಿ ಜಿಲ್ಲೆಯ ಮಣಿಪಾಲದ ಎತ್ತರದಿಂದ ತೆಂಕಕ್ಕೆ ಇಳಿದರೆ ಅಲೆವೂರು. ಪಡುವಣಕ್ಕೆ ಕಟಪಾಡಿ, ಕಾಪು, ರಾಷ್ಟ್ರೀಯ ಹೆದ್ದಾರಿ 66. ಮೂಡಣಕ್ಕೆ ಮೂಡುಬೆಳ್ಳೆ, ಶಿರ್ವ, ಅದರಾಚೆ ಕಾರ್ಕಳ. ಗದ್ದೆ, ಅಡಕೆ ತೋಟ, ಕೆಂಪು ಗುಡ್ಡಗಳ ಈ ಊರಿನ ಪಕ್ಕದಲ್ಲೇ ದೇಶದ ಎಲ್ಲ ಕಡೆಯ ವಿದ್ಯಾರ್ಥಿಗಳು ಬಂದು ಸೇರುವ ವಿಶ್ವವಿದ್ಯಾಲಯದ ಪಟ್ಟಣವಿದೆ. ದಪ್ಪ ಟಯರಿನ, ಮುಂದೆ ಸಸ್ಪೆನ್ಷನ್ ಇರುವ ಸೈಕಲ್ಲುಗಳು ಇಲ್ಲಿ ಈಗ ಅಪರೂಪವಲ್ಲ.

ಮೌಂಟೇನ್ ಬೈಕಿನವರಿಗೆ ಬೇಕಾದದ್ದು ಏರು, ಇಳಿಜಾರು, ಮಣ್ಣಿನ ಹಾದಿ. ಉಡುಪಿ ಜಿಲ್ಲೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಕಾಪುವಿನ ಕಡಲತೀರದಿಂದ ಹೊರಟವರು ಒಂದೇ ಬೆಳಿಗ್ಗೆಯಲ್ಲಿ 600 ಮೀಟರಿಗೂ ಎತ್ತರದ ಆಗುಂಬೆಯನ್ನು ತಲುಪಬಹುದು. ಉಡುಪಿಯಿಂದ ಅಲ್ಲಿಗೆ ಸುಮಾರು 55 ಕಿಲೋಮೀಟರ್. ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಕುದುರೆಮುಖದ ಕಡೆಗೆ ಏರುವ ದಾರಿಯೂ ಇದೆ. ತೊಂದರೆ ಇರುವುದು ನಡುವಿನ ಹೆದ್ದಾರಿಯಲ್ಲಿ. ಬಸ್ಸು, ಟ್ಯಾಂಕರುಗಳ ನಡುವೆ ದಪ್ಪ ಟಯರಿನ ಸೈಕಲ್ ತುಳಿಯುವುದು ಅಪಾಯ. ಗುಡ್ಡ ಹತ್ತಲು ಕೂಡಿಟ್ಟ ಶಕ್ತಿಯೂ ಡಾಂಬರಿನ ಮೇಲೆಯೇ ಖರ್ಚಾಗುತ್ತದೆ.

ಸೈಕಲ್ಲನ್ನು ಪಿಕಪ್‌ಗೆ ಏರಿಸಲು ಇನ್ನೊಂದು ಕಾರಣ ಅರಣ್ಯದ ನಿಯಮ. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಹೆಬ್ರಿ ಕಡೆಯ ಸೋಮೇಶ್ವರ ವನ್ಯಜೀವಿಧಾಮ ಇವುಗಳ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಸೈಕಲ್ ಇಳಿಸುವಂತಿಲ್ಲ. ಹಾಗೆ ಇಳಿಸಲೂಬಾರದು, ಆ ಕಾಡು ಮೊದಲು ಅಲ್ಲಿನ ಜೀವಿಗಳದ್ದು. ಆದ್ದರಿಂದ ಸವಾರರು ತೋಟದ ಮಾಲೀಕರ ಒಪ್ಪಿಗೆ ಪಡೆದ ಖಾಸಗಿ ಹಾದಿಗಳನ್ನೋ, ಹಳ್ಳಿ ಹಳ್ಳಿ ಜೋಡಿಸುವ ಮಣ್ಣಿನ ರಸ್ತೆಗಳನ್ನೋ ಹುಡುಕಿಕೊಂಡು ಇನ್ನೂ ದೂರ ಹೋಗಬೇಕಾಗುತ್ತದೆ. ಸ್ಪರ್ಧೆಗೆ ಹೋಗುವವರ ದೂರ ಮತ್ತೂ ದೊಡ್ಡದು. ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆ, ಗದಗಗಳ ಹೆಸರು ಮೊದಲು ಬರುತ್ತದೆ. ಅಲ್ಲಿನ ಕ್ರೀಡಾ ವಸತಿನಿಲಯಗಳು ನಾಡಿಗೆ ಎಷ್ಟೋ ಸೈಕ್ಲಿಸ್ಟ್‌ಗಳನ್ನು ಕೊಟ್ಟಿವೆ. 2022ರ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಗದಗದಲ್ಲಿ. ಕರಾವಳಿಯಿಂದ ಅಲ್ಲಿಗೆ 300 ಕಿಲೋಮೀಟರಿಗೂ ಮೀರಿದ ದಾರಿ.

ಪಿಕಪ್ಪಿಗೂ ಈ ಸೈಕಲ್ಲಿಗೂ ನಂಟು ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದ ನಡುವಿನಲ್ಲಿ ಈ ಆಟ ಹುಟ್ಟಿದಾಗ, ಅಲ್ಲಿನ ಯುವಕರು ಹಳೆಯ ದಪ್ಪ ಟಯರಿನ ಭಾರದ ಸೈಕಲ್ಲುಗಳನ್ನು ಪಿಕಪ್‌ಗಳಲ್ಲಿ ಗುಡ್ಡದ ತುದಿಗೆ ಸಾಗಿಸಿ ಮಣ್ಣಿನ ಹಾದಿಯಲ್ಲಿ ಇಳಿಯುತ್ತಿದ್ದರು. ‘ರೀಪ್ಯಾಕ್’ ಎಂದು ಹೆಸರಾದ ಅವರ ಮೊದಲ ಸ್ಪರ್ಧೆ ನಡೆದದ್ದು 1976ರ ಅಕ್ಟೋಬರ್ 21ರಂದು. ಮರುವರ್ಷ ಅವರಲ್ಲೊಬ್ಬರಾದ ಜೋ ಬ್ರೀಜ್ ಇಂಥ ಹಾದಿಗೆಂದೇ ಹೊಸ ಫ್ರೇಮ್ ಕಟ್ಟಿದರು. ಸೈಕಲ್ಲು ಅಲ್ಲಿಂದ ಬಹಳ ಬದಲಾಗಿದೆ. ಅದನ್ನು ಹೊರುವ ವಾಹನದ ಹಿಂಭಾಗ ಮಾತ್ರ ಹೆಚ್ಚು ಬದಲಾಗಿಲ್ಲ: ಒಂದು ತಗಡಿನ ಪೆಟ್ಟಿಗೆ, ಅದರಡಿಯಲ್ಲಿ ಪ್ಲೇಟ್ ಸ್ಪ್ರಿಂಗು.

ಕೆಂಪು ಕಲ್ಲಿನ ರಸ್ತೆಯ ಗುಣ

ಅಲೆವೂರಿನ ಸುತ್ತಿನ ನೆಲ ಮುರಕಲ್ಲೆಂಬ ಕೆಂಪು ಕಲ್ಲಿನದು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಕಲ್ಲಿನ ವಿಚಿತ್ರ ಗುಣವನ್ನು ದಾಖಲಿಸಿದ್ದಾನೆ. ನೆಲದೊಳಗೆ ಇರುವಾಗ ಇದು ಕಬ್ಬಿಣದ ಉಪಕರಣದಿಂದ ಕಡಿಯುವಷ್ಟು ಮೆದು. ತೆಗೆದು ಗಾಳಿಗೆ ಇಟ್ಟರೆ ಗಟ್ಟಿ. ನಮ್ಮ ಮನೆ, ಪಾಗಾರ, ಬಾವಿಗಳೆಲ್ಲ ಈ ಗುಣದಿಂದಲೇ ನಿಂತಿವೆ. ರಸ್ತೆಗೆ ಇದೇ ಗುಣ ಕಷ್ಟ ತರುತ್ತದೆ. ಗಟ್ಟಿಯಾದ ಕಲ್ಲಿನ ಗಂಟುಗಳು ಹಾಗೇ ಉಳಿಯುತ್ತವೆ, ಅವುಗಳ ನಡುವಿನ ಮೆದು ಜೇಡಿ ಮಳೆಗೆ ಕೊಚ್ಚಿಹೋಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನೆಲದಲ್ಲಿ ಒಂದೇ ಮಳೆಗಾಲ ಸಾಕು, ಸಮತಟ್ಟಾಗಿದ್ದ ಮಣ್ಣಿನ ದಾರಿಯಲ್ಲಿ ಚೂಪು ಅಂಚಿನ ಮೆಟ್ಟಿಲುಗಳು ಏಳುತ್ತವೆ. ಹೊಂಡದಲ್ಲಿ ನೀರು ತುಂಬಿದಾಗ ಅದರ ಆಳವೂ ತಿಳಿಯುವುದಿಲ್ಲ.

ಬೇಸಿಗೆಯ ತೊಂದರೆ ಬೇರೆ. ಒಣ ಮಣ್ಣಿನ ರಸ್ತೆಯಲ್ಲಿ ಅಡ್ಡಡ್ಡ ಸಣ್ಣ ಅಲೆಗಳು ಸಾಲಾಗಿ ಏಳುವುದನ್ನು ಎಲ್ಲರೂ ನೋಡಿದ್ದಾರೆ; ಅದರ ಮೇಲೆ ಹೋದರೆ ಇಡೀ ಗಾಡಿ ಗಡಗಡ ನಡುಗುತ್ತದೆ. ಈ ಅಲೆಗಳು ಯಾಕೆ ಏಳುತ್ತವೆ ಎಂದು 2007ರಲ್ಲಿ ಟಾಬರ್ಲೆ, ಮಾರಿಸ್, ಮ್ಯಾಕ್‌ಎಲ್‌ವೇನ್ ಎಂಬ ಮೂವರು ವಿಜ್ಞಾನಿಗಳು ಮರಳಿನ ಮೇಲೆ ಚಕ್ರ ಉರುಳಿಸಿ ಪರೀಕ್ಷಿಸಿದರು. ಗಾಡಿಯ ಸ್ಪ್ರಿಂಗಾಗಲೀ ಚಾಲಕನ ಬ್ರೇಕಾಗಲೀ ಇದಕ್ಕೆ ಮೂಲ ಕಾರಣವಲ್ಲ ಎಂಬುದು ಕಂಡುಬಂತು. ಒಂದು ವೇಗದ ಮಿತಿಯನ್ನು ದಾಟಿ ಚಕ್ರ ಉರುಳಿದರೆ ಸಡಿಲ ಮಣ್ಣಿನಲ್ಲಿ ಅಲೆ ಏಳಲೇಬೇಕು. ಸಾಮಾನ್ಯ ವಾಹನಕ್ಕೆ ಆ ಮಿತಿ ಗಂಟೆಗೆ ಸುಮಾರು 8 ಕಿಲೋಮೀಟರ್. ಅಷ್ಟು ನಿಧಾನ ಯಾರೂ ಹೋಗುವುದಿಲ್ಲ. ಹಾಗಾಗಿ ಮಣ್ಣಿನ ರಸ್ತೆ ಇರುವಲ್ಲಿ ಈ ನಡುಕವೂ ಇರುತ್ತದೆ ಎಂದು ಒಪ್ಪಿಕೊಂಡೇ ಲೋಡ್ ಕಟ್ಟಬೇಕು.

ಹೊಂಡ ಒಂದು ಬಾರಿ ಎತ್ತಿ ಹಾಕುತ್ತದೆ. ಅಲೆಗಳ ನಡುಕ ಕಿಲೋಮೀಟರುಗಟ್ಟಲೆ ಉಜ್ಜುತ್ತದೆ. ಹೊಂಡ ಬಾಗಿಸುತ್ತದೆ, ಮುರಿಯುತ್ತದೆ. ನಡುಕ ಸ್ಕ್ರೂ ಸಡಿಲಿಸುತ್ತದೆ, ಬಣ್ಣ ತೆಗೆಯುತ್ತದೆ, ಹಗ್ಗದ ಬಿಗಿ ಇಳಿಸುತ್ತದೆ. ಎರಡಕ್ಕೂ ಬೇರೆ ಬೇರೆ ಉಪಾಯ ಬೇಕು.

ಮೂರನೆಯದು ನಾವೇ ಮಾಡಿಕೊಂಡದ್ದು: ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂದರೆ ಗಾಡಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಒಳರಸ್ತೆಗಳಲ್ಲಿ ಕಾಣುವ ಎಷ್ಟೋ ಹಂಪ್‌ಗಳು ಅಷ್ಟೇ ಎತ್ತರವನ್ನು ಒಂದೇ ಮಾರಿನೊಳಗೆ ಏರುತ್ತವೆ. ಕಾಂಕ್ರೀಟ್ ರಸ್ತೆ ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲೂ ಇಂಥದೇ ಏಟು ಕಾದಿರುತ್ತದೆ.

ಖಾಲಿ ಗಾಡಿ ಹೆಚ್ಚು ಒದೆಯುತ್ತದೆ

ನಮ್ಮ ಕಡೆ ಸೈಕಲ್ ಸಾಗಿಸಲು ಸಿಗುವುದು ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್, 2005ರಿಂದ ರಸ್ತೆಯಲ್ಲಿರುವ ಟಾಟಾ ಏಸ್ ಇಂಥವು. ಕಲ್ಲು, ಸಿಮೆಂಟು, ಮೀನು, ಬಾಳೆಗೊನೆ ಹೊರುವುದಕ್ಕಾಗಿ ಮಾಡಿದ ಗಾಡಿಗಳು. ದೊಡ್ಡ ಪಿಕಪ್ ಒಂದೂವರೆ ಟನ್ನಿನ ಆಸುಪಾಸಿನ ಭಾರಕ್ಕೆ ಲೆಕ್ಕ ಹಾಕಿದ್ದು. ಅದಕ್ಕೆ ತಕ್ಕ ಹಾಗೆ ಹಿಂಬದಿಯ ಆಕ್ಸಲ್ ಮೇಲೆ ಪ್ಲೇಟ್ ಸ್ಪ್ರಿಂಗುಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ.

ಒಂದು ಮೌಂಟೇನ್ ಬೈಕ್ ಸರಾಸರಿ 14 ಕಿಲೋ ಎಂದಿಟ್ಟುಕೊಳ್ಳಿ. ಆರು ಸೈಕಲ್ ಸೇರಿದರೂ 84 ಕಿಲೋ. ಒಂದೂವರೆ ಟನ್ನಿಗೆ ಬಾಗಬೇಕಾದ ಪ್ಲೇಟು 84 ಕಿಲೋಗೆ ಬಾಗುವುದೇ ಇಲ್ಲ. ಹಾಗಾಗಿ ಗಾಡಿಗೆ ತಾನು ಖಾಲಿ ಎಂದೇ ಲೆಕ್ಕ. ಹೊಂಡದ ಏಟು ಸ್ಪ್ರಿಂಗಿನಲ್ಲಿ ಕರಗದೆ ನೇರ ಹಿಂದಿನ ತಗಡಿಗೆ ಬರುತ್ತದೆ. ಹಗುರ ಲೋಡು ಸುಲಭ ಎಂಬ ಭಾವನೆ ಇಲ್ಲಿ ತಲೆಕೆಳಗಾಗುತ್ತದೆ. ಕಲ್ಲು ತುಂಬಿದ ಪಿಕಪ್‌ನ ನಡಿಗೆಗಿಂತ ಸೈಕಲ್ ತುಂಬಿದ ಪಿಕಪ್‌ನ ನಡಿಗೆ ಒರಟು.

ಪರಿಹಾರ ಮೂರು. ಮೊದಲನೆಯದು ಭಾರ: ನಾಲ್ಕೈದು ಮರಳಿನ ಚೀಲಗಳನ್ನು ಹಿಂದಿನ ಆಕ್ಸಲ್‌ನ ನೇರಕ್ಕೆ ಇಟ್ಟು ಜಾರದಂತೆ ಕಟ್ಟಿದರೆ ಸ್ಪ್ರಿಂಗಿಗೆ ಸ್ವಲ್ಪ ಕೆಲಸ ಸಿಗುತ್ತದೆ, ಒದೆತ ತಗ್ಗುತ್ತದೆ. ಎರಡನೆಯದು ಗಾಳಿ: ಗಾಡಿಯ ಟಯರಿಗೆ ತುಂಬಿದ ಲೋಡಿನ ಒತ್ತಡವೊಂದು, ಖಾಲಿ ಓಟದ ಒತ್ತಡವೊಂದು ಇರುತ್ತದೆ. ತಯಾರಕರು ಖಾಲಿ ಓಟಕ್ಕೆ ಹೇಳಿದಷ್ಟಕ್ಕೆ ಇಳಿಸಿಕೊಂಡರೆ ಟಯರೇ ಒಂದಿಷ್ಟು ಏಟು ನುಂಗುತ್ತದೆ. ಅದಕ್ಕಿಂತ ಕೆಳಗೆ ಇಳಿಸಬಾರದು. ಮೂರನೆಯದು ಜಾಗ: ಹಿಂದಿನ ಚಕ್ರದ ಆಚೆ ಚಾಚಿಕೊಂಡ ಭಾಗ ಹೊಂಡಕ್ಕೆ ಬಿದ್ದಾಗ ಎಲ್ಲಕ್ಕಿಂತ ಹೆಚ್ಚು ಎಗರುತ್ತದೆ. ಎರಡು ಚಕ್ರಗಳ ನಡುವಿನ, ಕ್ಯಾಬಿನ್ನಿಗೆ ಹತ್ತಿರದ ಜಾಗ ಶಾಂತ. ದುಬಾರಿ ಸೈಕಲ್ಲು, ನಾಜೂಕಿನ ಸೈಕಲ್ಲು ಮುಂದಕ್ಕೆ ನಿಲ್ಲಲಿ.

ಇಲ್ಲಿ ಒಂದು ಲೆಕ್ಕ ನೋಡೋಣ. ಕಟ್ಟು ಸಡಿಲವಾಗಿದ್ದು ಸೈಕಲ್ಲು ತಗಡಿನಿಂದ 5 ಸೆಂಟಿಮೀಟರ್ ಮೇಲೆದ್ದು ಬಿತ್ತು ಎಂದುಕೊಳ್ಳಿ. ಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ಪೆಡಲಿನ ತುದಿ ತಗಡಿಗೆ ಬಡಿದು ಅರ್ಧ ಸೆಂಟಿಮೀಟರಿನಲ್ಲಿ ನಿಂತರೆ, ಆ ಕ್ಷಣದ ಏಟು ಸೈಕಲ್ಲಿನ ತೂಕದ ಸುಮಾರು ಹತ್ತು ಪಟ್ಟು: 14 ಕಿಲೋ ಸೈಕಲ್ಲು 140 ಕಿಲೋ ಭಾರದಂತೆ ಒಂದೇ ಬಿಂದುವಿನ ಮೇಲೆ ಒತ್ತುತ್ತದೆ. ಅದೇ ಸೈಕಲ್ಲು ಎರಡೂವರೆ ಸೆಂಟಿಮೀಟರ್ ಅದುಮಿಕೊಳ್ಳುವ ಮೆದು ಆಸರೆಯ ಮೇಲೆ ಬಿದ್ದರೆ ಏಟು ಎರಡು-ಮೂರು ಪಟ್ಟಿಗೆ ಇಳಿಯುತ್ತದೆ. ಅಂಥ ಮೆದು ಆಸರೆ ಸೈಕಲ್ಲಿನಲ್ಲಿಯೇ ಇದೆ, ಅದರ ಟಯರು. ಆದ್ದರಿಂದ ಕೆಟ್ಟ ರಸ್ತೆಯಲ್ಲಿ ಸಾಗಿಸುವ ಸೈಕಲ್ಲು ತನ್ನ ಎರಡೂ ಚಕ್ರಗಳ ಮೇಲೆ ನಿಂತಿರಬೇಕು. ಮಲಗಿಸಿದರೆ ಪೆಡಲು, ಡಿರೈಲರು, ಹ್ಯಾಂಡಲಿನ ತುದಿ ಏಟು ತಿನ್ನುತ್ತವೆ. ತಲೆಕೆಳಗೆ ನಿಲ್ಲಿಸಿದರೆ ಹೈಡ್ರಾಲಿಕ್ ಬ್ರೇಕಿನ ಎಣ್ಣೆಯ ತೊಟ್ಟಿಯಲ್ಲಿರುವ ಗಾಳಿ ಪೈಪಿನೊಳಗೆ ಸೇರಿ ಬ್ರೇಕು ಮೆತ್ತಗಾಗಬಹುದು.

ಮುಂದಿನ ಚಕ್ರ ಬಿಚ್ಚಿ ಫೋರ್ಕಿನ ಕಾಲನ್ನು ಸ್ಟ್ಯಾಂಡಿಗೆ ಬಿಗಿಯುವ ಪದ್ಧತಿ ನುಣುಪು ಹೆದ್ದಾರಿಗೆ ಸರಿ, ಜಾಗವೂ ಉಳಿಯುತ್ತದೆ. ಮುರಕಲ್ಲಿನ ದಾರಿಗೆ ಅದು ಒಗ್ಗುವುದಿಲ್ಲ. ಟಯರಿನ ಮೆದು ಆಸರೆ ತಪ್ಪುತ್ತದೆ, ಬದಿಯ ಓಲಾಟವೆಲ್ಲ ಫೋರ್ಕಿನ ಕಾಲಿನ ಮೇಲೆ ಬೀಳುತ್ತದೆ. ಚಕ್ರ ತೆಗೆಯಲೇಬೇಕಾದರೆ ಬ್ರೇಕ್ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡೊಂದನ್ನು ಸಿಕ್ಕಿಸಿಡಬೇಕು. ಡಿಸ್ಕ್ ಇಲ್ಲದಾಗ ಲಿವರ್ ಒತ್ತಿದರೆ ಪಿಸ್ಟನ್ ಹೊರಬಂದು ಮತ್ತೆ ಚಕ್ರ ಕೂರುವುದಿಲ್ಲ.

ಚಕ್ರಕ್ಕೆ ಕಟ್ಟಿ, ಮೈಯನ್ನು ಬಿಡಿ

ಲಗೇಜು ಕಟ್ಟುವವರು ಸಾಮಾನ್ಯವಾಗಿ ಹಗ್ಗವನ್ನು ಹ್ಯಾಂಡಲಿನ ಮೇಲೆ ಹಾಕಿ ಎಷ್ಟು ಸಾಧ್ಯವೋ ಅಷ್ಟು ಕೆಳಕ್ಕೆ ಎಳೆಯುತ್ತಾರೆ. ಸಸ್ಪೆನ್ಷನ್ ಇರುವ ಸೈಕಲ್ಲಿಗೆ ಇದು ತಪ್ಪು ಕಟ್ಟು. ಎಳೆದಾಗ ಫೋರ್ಕು ಕುಗ್ಗುತ್ತದೆ, ಹಗ್ಗ ಬಿಗಿಯಾಗಿ ಕಾಣುತ್ತದೆ. ದೊಡ್ಡ ಹೊಂಡ ಬಂದಾಗ ಫೋರ್ಕು ಇನ್ನಷ್ಟು ಕುಗ್ಗುತ್ತದೆ, ಆ ಕ್ಷಣ ಹಗ್ಗ ಸಡಿಲ. ಕೊಕ್ಕೆ ಕಳಚಿಕೊಳ್ಳುವುದು ಆಗಲೇ. ಮರುಕ್ಷಣ ಫೋರ್ಕು ಮೇಲೆದ್ದು ಹಗ್ಗಕ್ಕೆ ಜಗ್ಗು ಕೊಡುತ್ತದೆ. ದಾರಿಯುದ್ದಕ್ಕೂ ಇದು ನಡೆದರೆ ಎಂಥ ಗಂಟಾದರೂ ಸೋಲುತ್ತದೆ. ಫೋರ್ಕನ್ನು ಪೂರ್ತಿ ಅದುಮಿ ಗಂಟೆಗಟ್ಟಲೆ ಇಟ್ಟರೆ ಅದರೊಳಗಿನ ಸೀಲುಗಳಿಗೂ ಒಳ್ಳೆಯದಲ್ಲ.

ಕಟ್ಟಬೇಕಾದದ್ದು ಚಕ್ರವನ್ನು. ಚಕ್ರಕ್ಕೂ ಗಾಡಿಯ ತಳಕ್ಕೂ ನಡುವೆ ಸ್ಪ್ರಿಂಗು ಇಲ್ಲ, ಆದ್ದರಿಂದ ಅಲ್ಲಿ ಹಾಕಿದ ಕಟ್ಟಿನ ಬಿಗಿ ಬೇಗ ಬದಲಾಗುವುದಿಲ್ಲ. ಮುಂದಿನ ಚಕ್ರವನ್ನು ಕ್ಯಾಬಿನ್ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿ, ರಿಮ್ಮಿನ ಸುತ್ತ ಬೆಲ್ಟ್ ಹಾಕಿ ಕೆಳಗಿನ ಕೊಂಡಿಗೆ ಬಿಗಿಯಿರಿ. ಹಿಂದಿನ ಚಕ್ರವನ್ನೂ ಹಾಗೆಯೇ. ಬೆಲ್ಟ್ ಬ್ರೇಕಿನ ಡಿಸ್ಕಿಗೆ ತಾಗಬಾರದು, ಕಡ್ಡಿಗಳನ್ನು ಬದಿಗೆ ಎಳೆಯಬಾರದು. ಸೀಟಿನ ಕೊಳವೆಗೆ ಎರಡೂ ಬದಿಯಿಂದ ಒಂದೊಂದು ಹಗುರ ಕಟ್ಟು ಸಾಕು, ವಾಲದಂತೆ ಹಿಡಿಯಲು ಮಾತ್ರ. ಫ್ರೇಮಿನ ಮೈ ಒಂದಿಷ್ಟು ಏರಿಳಿಯಲಿ. ಏಟು ನುಂಗುವುದಕ್ಕಾಗಿಯೇ ಫೋರ್ಕು ಇರುವುದು, ಅದಕ್ಕೆ ಕೆಲಸ ಮಾಡಲು ಬಿಡಬೇಕು. ಕಾರ್ಬನ್ ಫ್ರೇಮಾದರೆ ಕೊಳವೆಗಳ ಮೇಲೆ ಯಾವ ಬಿಗಿತವೂ ಬೇಡ. ಆ ಕೊಳವೆ ಸವಾರಿಯ ಭಾರ ತಡೆಯುತ್ತದೆ, ಒಂದೇ ಕಡೆ ಹಿಸುಕಿದರೆ ತಡೆಯುವುದಿಲ್ಲ.

ಇದಕ್ಕೆ ವಿದೇಶಿ ಸ್ಟ್ಯಾಂಡು ಬೇಕಿಲ್ಲ. ಗಾಡಿಯ ತಳಕ್ಕೆ ಹೊಂದುವ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಜೋಡಿ ಜೋಡಿಯಾಗಿ ಹೊಡೆದ ರೀಪು. ಎರಡು ರೀಪಿನ ನಡುವೆ ಟಯರು ಕೂರುವಷ್ಟು, ಸುಮಾರು ಆರೂವರೆ ಸೆಂಟಿಮೀಟರ್ ಸಂದು. ಊರಿನ ಯಾವ ಮರದ ಕೆಲಸದವರೂ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಐದೂವರೆ ಅಡಿ ಅಗಲದ ಪಿಕಪ್‌ನಲ್ಲಿ ಸೈಕಲ್ಲುಗಳನ್ನು ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಮುಖ ಮಾಡಿ ನಿಲ್ಲಿಸಿದರೆ, 75–80 ಸೆಂಟಿಮೀಟರ್ ಅಗಲದ ಹ್ಯಾಂಡಲುಗಳು ಒಂದಕ್ಕೊಂದು ತಾಗದೆ ನಾಲ್ಕು ಸೈಕಲ್ಲು ಹಿಡಿಯುತ್ತವೆ. ಪೆಡಲುಗಳನ್ನು ಬಿಚ್ಚಿಡಿ, ಪಕ್ಕದ ಸೈಕಲ್ಲಿನ ಕಡ್ಡಿ ಮುರಿಯುವುದು ಹೆಚ್ಚಾಗಿ ಪೆಡಲಿನಿಂದ. ಎಡಗಡೆಯ ಪೆಡಲಿನ ಮರೆ ಉಲ್ಟಾ ಎಂಬುದು ನೆನಪಿರಲಿ. ಚೈನನ್ನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದರೆ ಡಿರೈಲರ್ ಒಳಕ್ಕೆ ಸರಿದು ಏಟಿನಿಂದ ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿದಿರುವ ಸಣ್ಣ ಹ್ಯಾಂಗರನ್ನು ಬೇಕೆಂದೇ ಮೆದು ಅಲ್ಯೂಮಿನಿಯಮ್ಮಿನಲ್ಲಿ ಮಾಡಿರುತ್ತಾರೆ. ಫ್ರೇಮ್ ಉಳಿಸಲು ಅದು ಮೊದಲು ಬಾಗುತ್ತದೆ. ಒಂದು ಬಿಡಿ ಹ್ಯಾಂಗರ್ ಚೀಲದಲ್ಲಿರುವುದು ಒಳ್ಳೆಯದು.

ಹಗ್ಗದ ಆಯ್ಕೆಯೂ ಮುಖ್ಯ. ನೈಲಾನ್ ಹಗ್ಗ ನೀರು ಕುಡಿದರೆ ಇನ್ನಷ್ಟು ಹಿಗ್ಗುತ್ತದೆ. ಒಣಗಿದ್ದಾಗ ಬಿಗಿದ ಕಟ್ಟು ಮೊದಲ ಮಳೆಗೆ ಸಡಿಲವಾಗುವುದು ಇದರಿಂದ. ಪಾಲಿಯೆಸ್ಟರ್ ಬೆಲ್ಟ್ ಕಡಿಮೆ ಹಿಗ್ಗುತ್ತದೆ. ಕೈಯಲ್ಲಿ ಎಳೆದು ಬಿಗಿಯುವ ಬಕಲ್ ಬೆಲ್ಟ್ ಸೈಕಲ್ಲಿಗೆ ಸಾಕು. ಹಲ್ಲು ಹಲ್ಲಾಗಿ ಬಿಗಿಯುವ ರ‍್ಯಾಚೆಟ್ ಬೆಲ್ಟಿಗೆ ಬಲ ಹೆಚ್ಚು. ಗಮನ ತಪ್ಪಿದರೆ ಅದು ರಿಮ್ಮನ್ನೇ ಬಾಗಿಸೀತು. ಬಣ್ಣಬಣ್ಣದ ಇಲಾಸ್ಟಿಕ್ ಹಗ್ಗವನ್ನು ಮುಖ್ಯ ಕಟ್ಟಾಗಿ ನಂಬಬಾರದು. ಅದು ಹಿಡಿಯುವುದಕ್ಕಿಂತ ಹೆಚ್ಚು ತೂಗಾಡಿಸುತ್ತದೆ, ಕೊಕ್ಕೆ ಹಾರಿದರೆ ಕಣ್ಣಿಗೆ ಅಪಾಯ.

ನಮ್ಮ ಲಾರಿಯವರ ಕೈಯಲ್ಲಿರುವ ಒಂದು ಗಂಟನ್ನು ಪ್ರತಿ ಸವಾರನೂ ಕಲಿಯಬೇಕು. ಹಗ್ಗದ ನಡುವೆ ಒಂದು ಕುಣಿಕೆ ತಿರುವಿ, ತುದಿಯನ್ನು ಕೆಳಗಿನ ಕೊಂಡಿಗೆ ಸುತ್ತಿ ಮೇಲೆ ತಂದು, ಕುಣಿಕೆಯೊಳಗಿಂದ ಹಾಯಿಸಿ ಮತ್ತೆ ಕೆಳಕ್ಕೆ ಎಳೆಯುತ್ತಾರೆ. ಅದು ರಾಟೆಯ ತತ್ವ. ಉಜ್ಜಾಟ ಇಲ್ಲದಿದ್ದರೆ ಕೈಬಲದ ಮೂರು ಪಟ್ಟು ಬಿಗಿ ಸಿಗಬೇಕು. ಉಜ್ಜಾಟದಲ್ಲಿ ಒಂದಿಷ್ಟು ಕಳೆದರೂ ಬರಿಗೈಯ ಎಳೆತಕ್ಕಿಂತ ಎಷ್ಟೋ ಹೆಚ್ಚು. ಬಿಚ್ಚುವಾಗ ತುದಿ ಎಳೆದರೆ ಸಾಕು. ಇನ್ನೊಂದು ನಮ್ಮದೇ ವಸ್ತು ಹಳೆಯ ಟ್ಯೂಬು. ಉದ್ದಕ್ಕೆ ಸೀಳಿದ ಟ್ಯೂಬಿನ ಪಟ್ಟಿ ಜಾರುವುದಿಲ್ಲ, ಬಣ್ಣ ಕೆಡಿಸುವುದಿಲ್ಲ. ಬ್ರೇಕ್ ಲಿವರನ್ನು ಹ್ಯಾಂಡಲಿಗೆ ಒತ್ತಿ ಕಟ್ಟಲು, ಸೈಕಲ್ಲು ಸೈಕಲ್ಲಿಗೆ ತಾಗುವಲ್ಲಿ ಸುತ್ತಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಕಂಬಳದ ಕೋಣಗಳ ಗಾಡಿ

ಈ ಜೋಪಾನದ ಮೂಲಪಾಠವನ್ನು ಕಲಿಯಲು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಿಲ್ಲ. ಅಲೆವೂರಿನ ಪಕ್ಕದ ಕಟಪಾಡಿಯಲ್ಲಿ, ಕಾರ್ಕಳದ ಮಿಯ್ಯಾರಿನಲ್ಲಿ ಕಂಬಳ ನಡೆಯುತ್ತದೆ. ಕೋಣಗಳು ಓಟದ ಕರೆಗೆ ಬರುವುದು ಇಂಥದೇ ಗಾಡಿಗಳಲ್ಲಿ. ಮನೆಯವರು ಮಕ್ಕಳಂತೆ ಸಾಕಿದ ಜೋಡಿ ಅದು. ಒಂದು ಕಾಲು ಉಳುಕಿದರೆ ಆ ವರ್ಷದ ಓಟವೇ ಹೋದಂತೆ. ಗಾಡಿಯ ತಳಕ್ಕೆ ಮರಳು, ಬೈಹುಲ್ಲು, ಮ್ಯಾಟ್ ಹಾಕಿ ಗೊರಸು ಜಾರದಂತೆ ನೋಡಿಕೊಳ್ಳುತ್ತಾರೆ. ಹಗ್ಗವನ್ನು ತಲೆ ಅಲುಗದಷ್ಟು ಬಿಗಿಯುವುದಿಲ್ಲ. ತಿರುವಿನಲ್ಲಿ ಕೋಣ ತಾನೇ ಮೈ ವಾಲಿಸಿ ನಿಲ್ಲಲು ಆಸ್ಪದ ಬಿಡುತ್ತಾರೆ. ನೋಡಿಕೊಳ್ಳುವವರೂ ಜೊತೆಗೇ ಹೊರಡುತ್ತಾರೆ.

2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಕರಾವಳಿಯ ಕೋಣಗಳು ಘಟ್ಟ ಹತ್ತಿ ಅಷ್ಟು ದೂರ ಹೋದವು. ಒಂದೇ ಓಟದಲ್ಲಿ ಒಯ್ಯಲಿಲ್ಲ. ಹಾಸನದಲ್ಲಿ ಇಳಿಸಿ, ಆರೈಕೆ ಮಾಡಿ, ದಣಿವಾರಿಸಿ ಮುಂದಕ್ಕೆ ಕರೆದೊಯ್ದರು.

ಪಾದದಲ್ಲಿ ಹಿಡಿತ, ಮೈಗೆ ಆಸ್ಪದ, ದಾರಿಯಲ್ಲಿ ನಿಲುಗಡೆ. ಚಕ್ರಕ್ಕೆ ಕಟ್ಟಬೇಕು, ಫ್ರೇಮನ್ನು ಬಿಡಬೇಕು, ನಡುವೆ ನಿಲ್ಲಿಸಿ ನೋಡಬೇಕು ಎಂಬುದರ ಹಿಂದೆ ಇರುವುದೂ ಇದೇ ತಿಳಿವಳಿಕೆ. ಕೋಣ ಸಾಗಿಸಿ ಅನುಭವವಿರುವ ಚಾಲಕ ಸಿಕ್ಕಿದರೆ ಸೈಕಲ್ ಸವಾರರು ಅವರನ್ನು ಬಿಡಬಾರದು.

ಉಪ್ಪು, ಧೂಳು, ನೀರು

ಕರಾವಳಿಯ ಪಿಕಪ್ ನಿನ್ನೆ ಏನು ಹೊತ್ತಿತ್ತು ಎಂದು ಕೇಳಿಯೇ ಸೈಕಲ್ ಹತ್ತಿಸಬೇಕು. ಮಲ್ಪೆಯಿಂದ ಮೀನು ತಂದ ಗಾಡಿಯ ತಳದಲ್ಲಿ ಉಪ್ಪುನೀರು ಇರುತ್ತದೆ. ಚೈನು, ಕಡ್ಡಿ, ಅಲ್ಯೂಮಿನಿಯಂ ಫ್ರೇಮಿಗೆ ಕೂರಿಸಿದ ಉಕ್ಕಿನ ಬೋಲ್ಟು ಎಲ್ಲಕ್ಕೂ ಉಪ್ಪು ವಿಷ; ಎರಡು ಬೇರೆ ಲೋಹ ಕೂಡುವಲ್ಲಿ ತುಕ್ಕು ಇನ್ನೂ ಬೇಗ. ಕಲ್ಲು ಹೊತ್ತ ಗಾಡಿಯಾದರೆ ತಳದ ತುಂಬ ಹರಳು. ಎರಡಕ್ಕೂ ಮದ್ದು ಒಂದೇ: ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಆಮೇಲೆ ಹಲಗೆ ಹಾಸುವುದು.

ಬೇಸಿಗೆಯಲ್ಲಿ ತೆರೆದ ಪಿಕಪ್‌ನ ಹಿಂಬದಿ ಧೂಳನ್ನು ಒಳಕ್ಕೆ ಎಳೆಯುತ್ತದೆ. ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಎದ್ದ ಮಣ್ಣು ಅಲ್ಲೇ ಸುತ್ತಿ ಕೂರುತ್ತದೆ. ಹಗ್ಗ ತಾಗುವ ಕಡೆ ಈ ಕೆಂಪು ಧೂಳು ಸೇರಿದರೆ ನಡುಕದ ರಸ್ತೆಯಲ್ಲಿ ಹಗ್ಗವೇ ಮರಳುಕಾಗದವಾಗುತ್ತದೆ. ಬಟ್ಟೆಯನ್ನು ಸುಮ್ಮನೆ ಮೇಲೆ ಹೊದಿಸಿದರೂ ಅದು ಗಾಳಿಗೆ ಬಡಿದು ಬಣ್ಣ ತೆಗೆಯುತ್ತದೆ. ತಾಗುವ ಕಡೆಗಳಿಗೆ ಮಾತ್ರ ಬಿಗಿಯಾಗಿ ಸುತ್ತುವುದು, ಫೋರ್ಕಿನ ಕೊಳವೆಗಳಿಗೆ ಹಳೆಯ ಕಾಲುಚೀಲ ಏರಿಸುವುದು ಮೇಲು. ಚೈನಿಗೆ ಎಣ್ಣೆ ಹಾಕುವುದು ಸಾಗಾಟ ಮುಗಿದ ಮೇಲೆ. ಮೊದಲೇ ಹಾಕಿದರೆ ಧೂಳಿಗೆ ಅಂಟು ಕೊಟ್ಟಂತೆ. ಮಳೆಯಲ್ಲಿ ವೇಗವಾಗಿ ಓಡುವಾಗ ನೀರು ಬೇರಿಂಗುಗಳ ಒಳಕ್ಕೆ ನುಗ್ಗುತ್ತದೆ. ಹ್ಯಾಂಡಲಿನ ಬುಡಕ್ಕೂ ಸೀಟಿಗೂ ಪ್ಲಾಸ್ಟಿಕ್ ಸುತ್ತಿ ಕಟ್ಟುವುದು ಒಳ್ಳೆಯದು.

ಕಾನೂನಿನ ಗೆರೆ

ವಿದೇಶದ ಚಿತ್ರಗಳಲ್ಲಿ ಪಿಕಪ್‌ನ ಹಿಂದಿನ ಡೋರಿಗೆ ದಪ್ಪ ಪ್ಯಾಡು ಹಾಕಿ, ಸೈಕಲ್ಲುಗಳ ಮುಂದಿನ ಚಕ್ರವನ್ನು ಹೊರಗೆ ಇಳಿಬಿಟ್ಟಿರುವುದು ಕಾಣುತ್ತದೆ. ನೋಡಲು ಸುಲಭ, ಹತ್ತಿಸಲು ಇನ್ನೂ ಸುಲಭ. ನಮ್ಮಲ್ಲಿ ಅದನ್ನು ಅನುಕರಿಸುವ ಮೊದಲು ಮೋಟಾರು ವಾಹನ ಕಾಯ್ದೆಯನ್ನು ನೋಡಬೇಕು. 2019ರ ತಿದ್ದುಪಡಿಯಲ್ಲಿ ಸೇರಿದ 194(1ಎ) ಕಲಂ ಪ್ರಕಾರ, ಸರಕು ಗಾಡಿಯ ಮೈಯಿಂದ ಬದಿಗೆ, ಮುಂದಕ್ಕೆ, ಹಿಂದಕ್ಕೆ ಅಥವಾ ಅನುಮತಿಸಿದ ಎತ್ತರಕ್ಕಿಂತ ಮೇಲೆ ಚಾಚಿದ್ದರೆ ದಂಡ 20,000 ರೂಪಾಯಿ. ಸರಕು ಇಳಿಸುವ ಖರ್ಚೂ ಮೇಲೆ ಬೀಳುತ್ತದೆ. ಹಿಂದೆ ಚಾಚಿದ ಕಬ್ಬಿಣದ ಸರಳುಗಳಿಗೆ ಗುದ್ದಿ ಎಷ್ಟೋ ಜೀವ ಹೋದ ದೇಶದಲ್ಲಿ ಈ ಬಿಗಿ ಸರಿಯಾದದ್ದೇ. ಒರಟು ರಸ್ತೆಯಲ್ಲಿ ಆ ಪದ್ಧತಿ ಸೈಕಲ್ಲಿಗೂ ಹಿತವಲ್ಲ: ಫ್ರೇಮಿನ ಕೆಳಕೊಳವೆ ಡೋರಿನ ಅಂಚಿಗೆ ದಾರಿಯುದ್ದಕ್ಕೂ ಉಜ್ಜುತ್ತದೆ. ಸೈಕಲ್ಲುಗಳು ಪೂರ್ತಿ ಒಳಗಿದ್ದು ಡೋರ್ ಮುಚ್ಚಿರಬೇಕು. ನಂಬರ್ ಪ್ಲೇಟು, ಹಿಂದಿನ ದೀಪ ಮರೆಯಾಗಬಾರದು.

ಇನ್ನೊಂದು ಮಾತು ಹೇಳಲೇಬೇಕು. ಸೈಕಲ್ಲು ಹಿಡಿದುಕೊಳ್ಳಲೆಂದು ಹುಡುಗರನ್ನು ಹಿಂದೆ ಕೂರಿಸುವುದು ನಮ್ಮ ಕಡೆ ಮಾಮೂಲಿ. ಸರಕು ವಾಹನದಲ್ಲಿ ಹಾಗೆ ಜನ ಕೂರಿಸುವುದು ಕಾನೂನಿಗೆ ವಿರುದ್ಧ, ಚಾಲಕನ ಲೈಸೆನ್ಸಿಗೂ ಕುತ್ತು. ಸೈಕಲ್ಲು ಎಗರಿಸುವ ಹೊಂಡ ಮನುಷ್ಯನನ್ನೂ ಎಗರಿಸುತ್ತದೆ. ಹಿಡಿದುಕೊಳ್ಳಲು ಆಳು ಬೇಕಾಗುತ್ತದೆ ಎಂದಾದರೆ ಕಟ್ಟು ಸರಿಯಾಗಿಲ್ಲ ಎಂದೇ ಅರ್ಥ.

ತಂಡದಲ್ಲೊಬ್ಬ ಚಾಲಕ

ಎಲ್ಲ ಸರಿಯಾಗಿ ಕಟ್ಟಿದ ಮೇಲೂ ಉಳಿದ ಅರ್ಧ ಜೋಪಾನ ಸ್ಟೇರಿಂಗ್ ಹಿಡಿದವರ ಕೈಯಲ್ಲಿದೆ. ಒಂದೇ ಹೊಂಡಕ್ಕೆ 20ರ ವೇಗದಲ್ಲಿ ಇಳಿಯುವುದಕ್ಕೂ 40ರಲ್ಲಿ ಇಳಿಯುವುದಕ್ಕೂ ಇರುವ ವ್ಯತ್ಯಾಸ ಎರಡು ಪಟ್ಟಲ್ಲ. ಚಲನೆಯ ಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ ನಾಲ್ಕು ಪಟ್ಟು. ಅಲೆಗಳಿರುವ ಮಣ್ಣಿನ ರಸ್ತೆಯಲ್ಲಿ ಜೋರಾಗಿ ಹೋದರೆ ನಡುಕ ಕಡಿಮೆ ಎನ್ನುವವರಿದ್ದಾರೆ. ಚಕ್ರ ಅಲೆಯ ತುದಿಯಿಂದ ತುದಿಗೆ ಹಾರುವಾಗ ಹಾಗೆ ಅನಿಸುವುದು ನಿಜ. ಆದರೆ ಆಗ ಟಯರಿಗೂ ನೆಲಕ್ಕೂ ಹಿಡಿತ ಕಡಿಮೆ, ಬ್ರೇಕು ತಡವಾಗಿ ಹಿಡಿಯುತ್ತದೆ, ತಿರುವಿನಲ್ಲಿ ಹಿಂಬದಿ ಜಾರುತ್ತದೆ. ಆಗುಂಬೆಯ 14 ತಿರುವುಗಳಂಥ ದಾರಿಗೆ ಹೊರಟವರಿಗೆ ಅಂಥ ಅಭ್ಯಾಸ ಬೇಡ.

ಹೊರಟ ಮೇಲೆ ಐದಾರು ಕಿಲೋಮೀಟರಿನಲ್ಲಿ ಒಮ್ಮೆ ನಿಲ್ಲಿಸಬೇಕು. ಟಯರು, ಮ್ಯಾಟು, ಬೆಲ್ಟು ಎಲ್ಲ ತಮ್ಮ ಜಾಗದಲ್ಲಿ ಕುಳಿತು ಬಿಗಿ ಸ್ವಲ್ಪ ಇಳಿದಿರುತ್ತದೆ. ಆಗ ಹಾಕುವ ಎರಡನೇ ಬಿಗಿಯೇ ಕೊನೆಯವರೆಗೆ ಬಾಳುವುದು. ಡಾಂಬರು ಮುಗಿದು ಮಣ್ಣು ಶುರುವಾಗುವಲ್ಲಿ ಮತ್ತೊಮ್ಮೆ ನೋಡಬೇಕು. ಇಳಿಸಿದ ಕೂಡಲೇ ತುಳಿಯಬಾರದು. ಚಕ್ರದ ಆಕ್ಸಲ್ ಬಿಗಿಯಿದೆಯೇ, ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದರೆ ಹ್ಯಾಂಡಲಿನ ಬುಡದಲ್ಲಿ ಪ್ಲೇ ಇದೆಯೇ, ಚಕ್ರ ತಿರುಗಿಸಿದರೆ ಡಿಸ್ಕ್ ಉಜ್ಜುತ್ತದೆಯೇ, ಹಿಂದಿನಿಂದ ನೋಡಿದರೆ ಡಿರೈಲರ್ ನೇರವಿದೆಯೇ? ಐದು ನಿಮಿಷದ ಕೆಲಸ. ಗುಡ್ಡದ ಇಳಿಜಾರಿನಲ್ಲಿ ಮುಂದಿನ ಚಕ್ರ ಕಳಚುವುದನ್ನು ಅದು ತಡೆಯುತ್ತದೆ.

ನಾಡಿನಲ್ಲಿ ಈ ಆಟ ಬೆಳೆಯಬೇಕೆಂದರೆ ಹಾದಿ, ತರಬೇತಿ, ಒಳ್ಳೆಯ ಸೈಕಲ್ಲುಗಳ ಜೊತೆಗೆ ಸಾಗಾಟದ ಈ ವಿದ್ಯೆಯನ್ನೂ ಹೇಳಿಕೊಡಬೇಕು. ತಿಂಗಳುಗಟ್ಟಲೆ ಹಣ ಕೂಡಿಟ್ಟು ಸೈಕಲ್ ಕೊಂಡ ಹುಡುಗಿಯೊಬ್ಬಳು ಬಾಗಿದ ಹ್ಯಾಂಗರಿನಿಂದಾಗಿ ಸ್ಪರ್ಧೆಯ ಗೆರೆಯಲ್ಲೇ ನಿಲ್ಲಬೇಕಾದರೆ, ಆ ನಷ್ಟ ಅವಳೊಬ್ಬಳದಲ್ಲ. ಕ್ಲಬ್ಬುಗಳು ವರ್ಷಕ್ಕೊಂದು ದಿನ ಸವಾರರನ್ನೂ ಊರಿನ ಪಿಕಪ್ ಚಾಲಕರನ್ನೂ ಒಟ್ಟಿಗೆ ಕೂರಿಸಲಿ. ಸವಾರರು ಫೋರ್ಕು, ಡಿಸ್ಕು, ಕಾರ್ಬನ್ನಿನ ಗುಣ ವಿವರಿಸಲಿ. ಚಾಲಕರು ಗಂಟು, ಭಾರದ ಜಾಗ, ದಾರಿಯ ಗುಣ ತೋರಿಸಿಕೊಡಲಿ. ಬಾಡಿಗೆ ಮಾತಾಡುವಾಗ ಕಟ್ಟುವ ಸಮಯ, ನಿಧಾನ ಓಟ, ನಡುವಿನ ನಿಲುಗಡೆ ಎಲ್ಲಕ್ಕೂ ಸೇರಿಸಿಯೇ ದರ ಒಪ್ಪಿಕೊಳ್ಳಬೇಕು. ಬೇಗ ಮುಗಿಸಿದರೆ ಮಾತ್ರ ಗಿಟ್ಟುವ ಬಾಡಿಗೆ ಕೊಟ್ಟು ಮೆಲ್ಲಗೆ ಓಡಿಸಿ ಎಂದು ಹೇಳುವುದು ನ್ಯಾಯವಲ್ಲ. ತಂಡದ ಪಟ್ಟಿಯಲ್ಲಿ ಸವಾರ, ತರಬೇತುದಾರ, ಮೆಕ್ಯಾನಿಕ್ ಇವರ ಹೆಸರುಗಳ ಕೆಳಗೆ ಪಿಕಪ್ ಚಾಲಕರ ಹೆಸರನ್ನೂ ಬರೆಯಬೇಕು. ಸೈಕಲ್ಲು ಗುಡ್ಡದ ಬುಡಕ್ಕೆ ಗಟ್ಟಿಮುಟ್ಟಾಗಿ ತಲುಪಿದರೆ ಸ್ಪರ್ಧೆಯ ಮೊದಲ ಹಂತವನ್ನು ಗೆಲ್ಲಿಸಿಕೊಟ್ಟವರು ಅವರೇ.